ಮಗುವಿನ ಕಾಯಿಲೆಗೆ ತಾಯಿಯೇ ಕಾರಣವೇ? ಯೀಸ್ಟ್‌ನಿಂದ ಉತ್ತರ ಹುಡುಕಿದ ಬೋರಿಸ್ ಎಫ್ರುಸ್ಸಿ

ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯ ತಾಯಿಯಿಂದಲೇ ಬರುತ್ತದೆ, ಆದ್ದರಿಂದ ಮಗುವಿನ ನಿಶ್ಶಕ್ತಿಗೂ ಕಾಯಿಲೆಗೂ ತಾಯಿಯೇ ಕಾರಣ ಎಂಬ ಮಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದರ ಮೊದಲ ಅರ್ಧ ಸರಿ, ಎರಡನೇ ಅರ್ಧ ತಪ್ಪು. ಏಕೆಂದು ತಿಳಿಯಲು ಒಬ್ಬ ವಿಜ್ಞಾನಿಯ ಬದುಕನ್ನು ನೋಡೋಣ.

ಯಾರು ಈ ಎಫ್ರುಸ್ಸಿ?

ಬೋರಿಸ್ ಎಫ್ರುಸ್ಸಿ 1901ರಲ್ಲಿ ರಷ್ಯಾದಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಕ್ರಾಂತಿಯ ನಂತರ ದೇಶ ಬಿಟ್ಟು ಪ್ಯಾರಿಸ್ ಸೇರಿದರು. 1930ರ ದಶಕದಲ್ಲಿ ಅಮೆರಿಕದ ಜಾರ್ಜ್ ಬೀಡಲ್ ಜೊತೆ ಹಣ್ಣಿನ ನೊಣದ ಕಣ್ಣಿನ ಬಣ್ಣದ ಮೇಲೆ ಸಂಶೋಧನೆ ಮಾಡಿದರು. ಅದೇ ದಾರಿಯಲ್ಲಿ ಮುಂದೆ ಹೋದ ಬೀಡಲ್‌ಗೆ 1958ರಲ್ಲಿ ನೊಬೆಲ್ ಬಂತು, ಎಫ್ರುಸ್ಸಿಗೆ ಬರಲಿಲ್ಲ. ನಾಜಿಗಳು ಫ್ರಾನ್ಸ್ ಹಿಡಿದಾಗ ಅವರು ಮತ್ತೆ ನೆಲೆ ಬಿಟ್ಟು ಅಮೆರಿಕಕ್ಕೆ ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಪ್ಯಾರಿಸ್‌ಗೆ ಮರಳಿ ಬ್ರೆಡ್ ಉಬ್ಬಿಸುವ ಯೀಸ್ಟನ್ನು ಕೈಗೆತ್ತಿಕೊಂಡರು.

ಯೀಸ್ಟ್‌ನಲ್ಲಿ ಕಂಡದ್ದೇನು?

ತಟ್ಟೆಯಲ್ಲಿ ಬೆಳೆಸಿದ ಯೀಸ್ಟ್ ಗುಂಪುಗಳಲ್ಲಿ ನೂರಕ್ಕೆ ಒಂದೆರಡು ತೀರಾ ಚಿಕ್ಕವಾಗಿದ್ದವು. ಇವುಗಳಿಗೆ ಉಸಿರಾಟದಿಂದ ಶಕ್ತಿ ಪಡೆಯಲು ಬರುತ್ತಿರಲಿಲ್ಲ, ಹುದುಗುವಿಕೆಯಿಂದಷ್ಟೇ ಬದುಕುತ್ತಿದ್ದವು. ಫ್ರೆಂಚ್‌ನಲ್ಲಿ ಇವಕ್ಕೆ 'ಪೆಟೀಟ್' ಎಂದು ಹೆಸರಿಟ್ಟರು. ಅಂದರೆ ಪುಟ್ಟದು.

1949ರ ಹೊತ್ತಿಗೆ ಎಫ್ರುಸ್ಸಿ ತಂಡ ಚಿಕ್ಕ ಯೀಸ್ಟನ್ನು ಆರೋಗ್ಯವಂತ ಯೀಸ್ಟ್ ಜೊತೆ ಕೂಡಿಸಿ ನೋಡಿತ್ತು. ಮೆಂಡೆಲ್ ನಿಯಮದಂತೆ, ಹುಟ್ಟುವ ನಾಲ್ಕು ಬೀಜಕಗಳಲ್ಲಿ ಎರಡು ಚಿಕ್ಕವಾಗಬೇಕಿತ್ತು. ಆದರೆ ನಾಲ್ಕೂ ಆರೋಗ್ಯವಾಗಿದ್ದವು. ಅಂದರೆ ದೋಷ ಕೋಶಕೇಂದ್ರದಲ್ಲಿ ಇರಲಿಲ್ಲ, ಅದರ ಸುತ್ತಲಿನ ಕೋಶದ್ರವ್ಯದಲ್ಲಿತ್ತು. ಅಲ್ಲಿನ ಮೈಟೊಕಾಂಡ್ರಿಯದಲ್ಲಿ ಡಿಎನ್‌ಎ ಇದೆ ಎಂಬುದು ಖಚಿತವಾದದ್ದು 1960ರ ದಶಕದಲ್ಲಿ.

ಮುಖ್ಯ ವಿಷಯ ಮುಂದಿದೆ. ನೋಡಲು ಅಷ್ಟೇ ಚಿಕ್ಕದಾದ ಇನ್ನೊಂದು ಬಗೆಯ ಯೀಸ್ಟ್ ಕೂಡ ಅವರಿಗೆ ಸಿಕ್ಕಿತು. ಅದರಲ್ಲಿ ಮಾತ್ರ ಎರಡು ಚಿಕ್ಕವು, ಎರಡು ಆರೋಗ್ಯವಂತ ಬೀಜಕಗಳು ಬಂದವು. ಅಲ್ಲಿ ದೋಷ ಕೋಶಕೇಂದ್ರದ ಜೀನ್‌ನಲ್ಲಿತ್ತು. ಲಕ್ಷಣ ಒಂದೇ, ಕಾರಣ ಎರಡು.

ನಮ್ಮ ಹೊಲದಲ್ಲೂ ಇದೆ

ಜೇವರ್ಗಿ ತಾಲ್ಲೂಕಿನ ನೆಲೋಗಿ ಕಡೆಯವರಿಗೆ ಜೋಳದ ಉದಾಹರಣೆ ಹತ್ತಿರವಾದೀತು. 1964ರಲ್ಲಿ ಬಂದ ಸಿಎಸ್‌ಎಚ್-1 ಹೈಬ್ರಿಡ್ ಜೋಳದ ಬೀಜ ತಯಾರಿಯಲ್ಲಿ ಹೆಣ್ಣು ಸಾಲಿನ ಗಿಡಗಳಿಗೆ ಪರಾಗ ಕಟ್ಟುವುದಿಲ್ಲ. ಆ ಗುಣ ತಾಯಿ ಗಿಡದ ಕೋಶದ್ರವ್ಯದಿಂದ ಬರುತ್ತದೆ. ಆದರೆ ಗಂಡು ಸಾಲಿನ ಜೀನ್ ಸೇರಿದರೆ ಮುಂದಿನ ಪೀಳಿಗೆಯಲ್ಲಿ ಮತ್ತೆ ಪರಾಗ ಬಂದು ಕಾಳು ಕಟ್ಟುತ್ತದೆ.

ಹಾಗಾದರೆ ತಾಯಿಯನ್ನು ದೂರಬಹುದೇ?

ಇಲ್ಲ. ಮನುಷ್ಯರ ಮೈಟೊಕಾಂಡ್ರಿಯದಲ್ಲಿರುವ ಜೀನ್‌ಗಳು ಕೇವಲ 37. ಅದಕ್ಕೆ ಬೇಕಾದ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳಲ್ಲಿ ಬಹುಪಾಲು ತಯಾರಾಗುವುದು ಕೋಶಕೇಂದ್ರದ ಜೀನ್‌ಗಳಿಂದ. ಆ ಜೀನ್‌ಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಆದ್ದರಿಂದ ಮೈಟೊಕಾಂಡ್ರಿಯದ ಎಷ್ಟೋ ಕಾಯಿಲೆಗಳಲ್ಲಿ ಇಬ್ಬರ ಪಾಲೂ ಇರುತ್ತದೆ. ದೋಷ ತಾಯಿಯಿಂದಲೇ ಬಂದಿದ್ದರೂ ಅದು ಆಕೆಯ ತಪ್ಪಲ್ಲ. ಕಾರಣ ಯಾವುದೆಂದು ಹೇಳಬೇಕಾದದ್ದು ಜೀನ್ ಪರೀಕ್ಷೆ ಮತ್ತು ತಜ್ಞ ವೈದ್ಯರು.

ಎಫ್ರುಸ್ಸಿ 1979ರಲ್ಲಿ ತೀರಿಕೊಂಡರು. ಲಕ್ಷಣ ನೋಡಿ ಕಾರಣ ಹೇಳಬೇಡಿ, ಪರೀಕ್ಷಿಸಿ ಎಂಬುದು ಅವರ ಯೀಸ್ಟ್ ಪ್ರಯೋಗದ ಪಾಠ. ಇಂಥ ಸಂದೇಶ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಮನೆಯ ಸೊಸೆಯನ್ನೋ ಮಗಳನ್ನೋ ಅದು ಎಷ್ಟು ನೋಯಿಸಬಹುದೆಂದು ಯೋಚಿಸಿ.