ಎಂಬತ್ತರ ಮೇಲೆ ಕಾಡಿಗಾಗಿ ನಿಂತ ಕಾರಂತರು

ಮಳೆ ಹೊತ್ತಿಗೆ ಬರುತ್ತಿಲ್ಲ, ಸೆಕೆ ಹೆಚ್ಚಿದೆ ಎಂಬ ಮಾತು ನಿಮ್ಮ ವಾಚನಾಲಯದ ಕಟ್ಟೆಯ ಮೇಲೆ ದಿನವೂ ನಡೆಯುತ್ತದೆ. ಇದಕ್ಕೆ ಏನಾದರೂ ಮಾಡುವುದು ಹುಡುಗರ ಕೆಲಸ, ನಮಗೆ ವಯಸ್ಸಾಯಿತು ಎಂದು ಹಿರಿಯರು ಪಂಚೆ ಕೊಡವಿಕೊಂಡು ಏಳುವುದೂ ಉಂಟು. ಅಂಥವರು ಡಾ. ಶಿವರಾಮ ಕಾರಂತರ ಕೊನೆಯ ಇಪ್ಪತ್ತು ವರ್ಷಗಳನ್ನು ತಿಳಿಯಬೇಕು.

1902ರ ಅಕ್ಟೋಬರ್ 10ರಂದು ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಹುಟ್ಟಿದ ಕಾರಂತರು, 1922ರಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಕಾಲೇಜು ಬಿಟ್ಟರು. ಮುಂದೆ ಪುತ್ತೂರಿನಲ್ಲಿ ನೆಲೆಸಿ ಕಾದಂಬರಿ, ಯಕ್ಷಗಾನ, ಮಕ್ಕಳ ಶಿಕ್ಷಣ, ವಿಜ್ಞಾನ ಲೇಖನ ಎಲ್ಲದರಲ್ಲೂ ದುಡಿದರು. 'ಚೋಮನ ದುಡಿ', 'ಮರಳಿ ಮಣ್ಣಿಗೆ' ನಿಮ್ಮಲ್ಲಿ ಅನೇಕರು ಓದಿದವೇ. 1977ರ ಜ್ಞಾನಪೀಠ ಪ್ರಶಸ್ತಿಯೂ ಬಂತು. ಬೇರೆ ಯಾರಾದರೂ ಆಗಿದ್ದರೆ ಆರಾಮಕುರ್ಚಿಯಲ್ಲಿ ಕೂರುತ್ತಿದ್ದರು.

ಒಂದು ಸಂಗತಿ ಗಮನಿಸಿ. 'ಬೆಟ್ಟದ ಜೀವ'ದಲ್ಲಿ ಕಾಡು ಕಡಿದು ತೋಟ ಮಾಡಿದ ಮುದುಕನನ್ನು ಅಷ್ಟು ಪ್ರೀತಿಯಿಂದ ಚಿತ್ರಿಸಿದವರೂ ಇವರೇ. ಕಾಲ ಬದಲಾದಂತೆ, ಘಟ್ಟದ ಕಾಡು ಕರಗಿದಂತೆ, ಅವರ ಚಿಂತೆಯೂ ಬೇರೆಯಾಯಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 1982ರಲ್ಲಿ ಹೊರತಂದ ದೇಶದ ಪರಿಸರ ಸ್ಥಿತಿಯ ವರದಿಯನ್ನು ತಾವೇ ಕುಳಿತು ಕನ್ನಡಕ್ಕೆ ತಂದರು.

ಇನ್ನು ನಮ್ಮ ಹೊಲಗದ್ದೆಗೆ ನೇರವಾಗಿ ಸೇರಿದ ವಿಷಯ. 1984ರಲ್ಲಿ ರಾಜ್ಯ ಸರ್ಕಾರವು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಸ್ಥಾಪಿಸಿ, ಸುಮಾರು 30,000 ಹೆಕ್ಟೇರ್, ಎಂದರೆ 75,000 ಎಕರೆಯಷ್ಟು ಭೂಮಿಯನ್ನು ನೀಲಗಿರಿ ಮುಂತಾದ ಮರ ಬೆಳೆಸಲು ಕೊಡಹೊರಟಿತು. ಅದು ಹಳ್ಳಿಗರು ದನ ಮೇಯಿಸುವ, ಸೌದೆ ತರುವ, ನೇಗಿಲು ಕುಂಟೆಗೆ ಮರ ಹುಡುಕುವ ನೆಲ. ಅಲ್ಲಿ ಬೆಳೆಯುವ ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋದಾಗ ಅರ್ಜಿದಾರರಾಗಿ ಮುಂದೆ ನಿಂತವರು ಕಾರಂತರು. ಆಗ ಅವರಿಗೆ ಎಂಬತ್ತನಾಲ್ಕು. 1987ರಲ್ಲಿ ತಡೆಯಾಜ್ಞೆ ಸಿಕ್ಕಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಮಾಡಿ, ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಕಂಪನಿ ಮುಚ್ಚಿತು.

ನಿಮ್ಮೂರ ಗೋಮಾಳದಲ್ಲಿ ಹಿಂದೆ ಯಾವ ಮರಗಳಿದ್ದವು, ಯಾವ ಹಳ್ಳ ಯಾವ ತಿಂಗಳವರೆಗೆ ಹರಿಯುತ್ತಿತ್ತು ಎಂಬುದು ಅಜ್ಜಂದಿರಿಗೇ ಗೊತ್ತು. 2002ರ ಕಾಯ್ದೆಯಂತೆ ಗ್ರಾಮ ಪಂಚಾಯಿತಿಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದರ ಕೈಯಲ್ಲೊಂದು ದಾಖಲೆ ಪುಸ್ತಕ ಇರಬೇಕು. ಹಿರಿಯರು ಹೋಗಿ ಬರೆಸಬಹುದು.

ಕೈಗಾ ಅಣುಸ್ಥಾವರವನ್ನೂ ಕಾರಂತರು ವಿರೋಧಿಸಿದರು. ಅದೇ ವಿಷಯ ಹಿಡಿದು 1989ರಲ್ಲಿ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಸ್ಪರ್ಧಿಸಿದರು. ಸೋತರು, ಸ್ಥಾವರವೂ 2000ದಲ್ಲಿ ವಾಣಿಜ್ಯವಾಗಿ ವಿದ್ಯುತ್ ಕೊಡತೊಡಗಿತು. ಕಲ್ಲಿದ್ದಲಿನ ಹೊಗೆಗಿಂತ ಅಣುವಿದ್ಯುತ್ ಮೇಲೆಂದು ಇಂದು ವಾದಿಸುವವರಿದ್ದಾರೆ. ಆ ಚರ್ಚೆ ಮುಗಿದಿಲ್ಲ. ಆದರೆ ಎಂಬತ್ತೇಳರ ಪ್ರಾಯದಲ್ಲಿ ಓಟು ಕೇಳಲು ಹೊರಟ ಆ ಗಟ್ಟಿತನವನ್ನು ಅವರ ವಿರೋಧಿಗಳೂ ಅಲ್ಲಗಳೆಯಲಾರರು.

ತೊಂಬತ್ತು ದಾಟಿದ ಮೇಲೂ ಕೈಯಲ್ಲಿ ಲೇಖನಿ ಇತ್ತು. ಕಡೆಗಾಲದಲ್ಲಿ ಹಕ್ಕಿಗಳ ಬಗ್ಗೆ ಒಂದು ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ತೀರಿಕೊಂಡರು. ಪುಸ್ತಕ ಅಚ್ಚಾಗಿ ಬಂದದ್ದು ಆಮೇಲೆ.