ಆಜ್ಞೆಯೂ ಮನವರಿಕೆಯೂ

ಭಯದಿಂದ ಬಾಗಿದ ತಲೆಯು ಭಯವು ಕಳೆದೊಡನೆ ಮೇಲೇಳುವುದು. ಅರಿತು ಒಪ್ಪಿದ ಮನಸ್ಸಾದರೋ ಕಾವಲಿಲ್ಲದೆಯೂ ನೆಲೆಗೊಳ್ಳುವುದು. ಈ ಭೇದವನ್ನು ತನ್ನ ಬಾಳಿನಲ್ಲಿಯೇ ಕಂಡುಕೊಂಡವನು ಮೌರ್ಯ ಚಕ್ರವರ್ತಿ ಅಶೋಕನು.

ಕ್ರಿ. ಪೂ. ೩ನೆಯ ಶತಮಾನದಲ್ಲಿ ಪಾಟಲೀಪುತ್ರದಿಂದ ಆಳಿದ ಈತನು ಪಟ್ಟಾಭಿಷಿಕ್ತನಾಗಿ ೮ ವರ್ಷಗಳಾಗಿದ್ದಾಗ ಕಳಿಂಗವನ್ನು ಗೆದ್ದನು. ಆತನ ಶಾಸನವೇ ತಿಳಿಸುವಂತೆ ೧,೦೦,೦೦೦ ಜನರು ಹತರಾದರು. ೧,೫೦,೦೦೦ ಜನರು ಸೆರೆಯಾಗಿ ಒಯ್ಯಲ್ಪಟ್ಟರು. ಅನೇಕ ಪಟ್ಟು ಜನರು ಬೇರೆ ಬಗೆಯಲ್ಲಿ ಮಡಿದರು. ಗೆದ್ದವನ ಎದೆಯಲ್ಲಿ ಪಶ್ಚಾತ್ತಾಪವು ಮೂಡಿತು.

ಆದರೆ ಮನಸ್ಸು ಒಂದೇ ದಿನದಲ್ಲಿ ತಿರುಗುವುದಿಲ್ಲ. ಕೊಪ್ಪಳದ ಗವಿಮಠಕ್ಕೆ ಹೋದ ಭಕ್ತರು ಅಲ್ಲಿಯ ಬೆಟ್ಟದ ಬಂಡೆಯ ಮೇಲೆ ಅಶೋಕನ ಬ್ರಾಹ್ಮೀ ಶಾಸನವನ್ನು ಕಂಡಿರಬಹುದು. ತಾನು ಬುದ್ಧನ ಉಪಾಸಕನಾದರೂ ಮೊದಲ ಒಂದು ವರ್ಷ ಸಾಧನೆಯಲ್ಲಿ ಹೆಚ್ಚು ಶ್ರಮಿಸಲಿಲ್ಲವೆಂದೂ, ಸಂಘದ ಸಮೀಪಕ್ಕೆ ಬಂದ ಮೇಲೆಯೇ ಶ್ರದ್ಧೆಯಿಂದ ದುಡಿದೆನೆಂದೂ ಅದರಲ್ಲಿ ಒಪ್ಪಿಕೊಂಡಿದ್ದಾನೆ. ಸಾಧನೆಯು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯವೆಂದು ಸಾರಿದ್ದಾನೆ. ತನ್ನ ಆಲಸ್ಯವನ್ನು ಕಲ್ಲಿನಲ್ಲಿ ಕೊರೆಯಿಸಿದ ಅರಸರು ವಿರಳ. ಆತನ ಪಾಕಶಾಲೆಯೂ ಹಾಗೆಯೇ ಬದಲಾಯಿತು: ಲಕ್ಷಗಟ್ಟಲೆ ಪ್ರಾಣಿಗಳ ವಧೆಯು ಮೊದಲು ಎರಡು ನವಿಲು, ಒಂದು ಜಿಂಕೆಗೆ ಇಳಿಯಿತು, ಮುಂದೆ ಅವೂ ಬೇಡವೆಂದು ನಿಶ್ಚಯವಾಯಿತು.

ಪಟ್ಟಾಭಿಷೇಕವಾಗಿ ೨೭ ವರ್ಷಗಳಾದ ಮೇಲೆ ಹೊರಡಿಸಿದ ಏಳನೆಯ ಸ್ತಂಭಶಾಸನದಲ್ಲಿ ಆತನು ತನ್ನ ಅನುಭವದ ಸಾರವನ್ನಿಟ್ಟಿದ್ದಾನೆ. ಜನರಲ್ಲಿ ಧರ್ಮವು ಬೆಳೆದುದು ಎರಡು ಮಾರ್ಗಗಳಿಂದ: ಒಂದು ನಿಯಮ, ಇನ್ನೊಂದು ನಿಝತಿ. ಇವುಗಳಲ್ಲಿ ನಿಯಮವು ಅಲ್ಪ, ನಿಝತಿಯೇ ಅಧಿಕವೆಂದು ಆತನ ನಿರ್ಣಯ. ಈ ಪ್ರಾಕೃತ ಪದವು ಧ್ಯಾನ ಶಬ್ದದ ಧಾತುವಿನಿಂದಲೇ ಹುಟ್ಟಿದುದು. ಮತ್ತೊಬ್ಬರ ಮನಸ್ಸು ತಾನೇ ನೆನೆದು, ತಾನೇ ಕಂಡು ಒಪ್ಪುವಂತೆ ಮಾಡುವುದೇ ಅದರ ಭಾವ. ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಆಜ್ಞೆಯಾಗಿ ಹೊರಡಿಸಿದವನೇ, ಅಹಿಂಸೆಯು ಹೆಚ್ಚಿದುದು ಆಜ್ಞೆಯಿಂದಲ್ಲ, ಮನವರಿಕೆಯಿಂದ ಎಂದನು.

ಆತನಲ್ಲಿ ಕೊರತೆಯೂ ಇದ್ದಿತು. ಕಳಿಂಗವನ್ನು ಹಿಂದಿರುಗಿಸಲಿಲ್ಲ, ಮರಣದಂಡನೆಗೆ ಮೂರು ದಿನದ ಅವಧಿಯನ್ನಿತ್ತನೇ ಹೊರತು ಅದನ್ನು ತೆಗೆಯಲಿಲ್ಲ. ಒಪ್ಪಿದ ಮನಸ್ಸೂ ನಡೆಯಲ್ಲಿ ಪೂರ್ಣವಾಗಲು ಕಾಲವು ಬೇಕು.

ದಂಡವನ್ನು ಕೈಯಲ್ಲಿ ಹಿಡಿದ ಚಕ್ರವರ್ತಿಯೇ ಅದನ್ನು ಅಲ್ಪವೆಂದ ಮೇಲೆ, ಮನೆಯೊಳಗೆ ಮಕ್ಕಳನ್ನು ಗದರಿಕೆಯೊಂದರಿಂದಲೇ ತಿದ್ದಲು ಹೊರಡುವ ನಾವು ಒಂದು ಗಳಿಗೆ ನಿಂತು ಯೋಚಿಸಬೇಡವೇ? ತಾನು ಮೊದಲು ಒಪ್ಪಿ ನಡೆದವನ ಮಾತೇ ಇತರರ ಮನವನ್ನು ಹೊಗುವುದು.