ಹಳ್ಳಿಶಾಲೆಯ ಶಿಕ್ಷಕಿ ಗೇಬ್ರಿಯೇಲಾ ಮಿಸ್ಟ್ರಾಲ್

ಊರಿಗೊಂದು ಶಾಲೆಯಾಗಬೇಕೆಂದು ಎಲ್ಲರೂ ಬಯಸುತ್ತಾರೆ. ಶಾಲೆಯಾದ ಮೇಲೆ ಅಲ್ಲಿಗೆ ಬಂದ ಶಿಕ್ಷಕರು ಎಲ್ಲಿ ತಂಗುತ್ತಾರೆ, ಏನನ್ನು ಉಣ್ಣುತ್ತಾರೆ, ಅವರಿಗೆ ಓದಲು ಪುಸ್ತಕಗಳುಂಟೆ, ಕಾಯಿಲೆಯಾದರೆ ನೋಡುವವರುಂಟೆ ಎಂದು ವಿಚಾರಿಸುವವರು ಮಾತ್ರ ವಿರಳ. ಹಾದಿಯಿಲ್ಲದ ಬೆಟ್ಟದೂರಿಗೂ ಕಾಡಿನಂಚಿನ ಕೇರಿಗೂ ವಿದ್ಯೆಯನ್ನು ಹೊತ್ತು ನಡೆಯುವವರ ಕಾಯಕವು ಕಠಿನವಾದುದು. ಆದರೆ ಆ ಕಾಯಕದ ಕಾಠಿನ್ಯಕ್ಕಿಂತ ಅಲ್ಲಿಯ ಒಂಟಿತನವೇ ಶಿಕ್ಷಕನನ್ನು ಬೇಗನೆ ಸೋಲಿಸುತ್ತದೆ. ಒಂಟಿಯಾಗಿ ನಿಂತವನಿಗೆ ಒಂದು ಕೈ ಆಸರೆಯಾದರೆ ಏನಾಗಬಲ್ಲುದೆಂಬುದಕ್ಕೆ ದಕ್ಷಿಣ ಅಮೇರಿಕದ ಚಿಲಿ ದೇಶದ ಗೇಬ್ರಿಯೇಲಾ ಮಿಸ್ಟ್ರಾಲ್ ಅವರ ಜೀವನವು ಉಜ್ವಲವಾದ ನಿದರ್ಶನವಾಗಿದೆ. 1945ರಲ್ಲಿ ನೊಬೆಲ್ ಸಾಹಿತ್ಯ ಪಾರಿತೋಷಕವನ್ನು ಪಡೆದ ಕಾರಣ ಲೋಕವು ಅವರನ್ನು ಕವಯಿತ್ರಿಯೆಂದು ಬಲ್ಲುದು. ಅವರು ಅದಕ್ಕೂ ಮೊದಲು ಹಳ್ಳಿಶಾಲೆಯ ಶಿಕ್ಷಕಿಯಾಗಿದ್ದರೆಂಬುದನ್ನು ಅರಿತವರು ಕಡಿಮೆ.

ಅವರ ಹುಟ್ಟುಹೆಸರು ಲೂಸಿಲಾ ಗೊದೊಯ್ ಅಲ್ಕಯಾಗ. ಜನನವು 1889ನೆಯ ಇಸವಿ ಏಪ್ರಿಲ್ 7ರಂದು, ಉತ್ತರ ಚಿಲಿಯ ಎಲ್ಕಿ ಕಣಿವೆಯಲ್ಲಿರುವ ವಿಕೂನ್ಯ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಶಿಕ್ಷಕರು, ಪದ್ಯಗಳನ್ನು ಕಟ್ಟಿ ಹಾಡುವ ಹವ್ಯಾಸವುಳ್ಳವರು. ಆದರೆ ಮಗಳಿಗೆ ಮೂರು ವರ್ಷಗಳಾಗಿದ್ದಾಗಲೇ ಅವರು ಮನೆಯನ್ನು ತೊರೆದು ಹೋದರು. ತಾಯಿ ಪೆತ್ರೊನಿಲಾ ಬಟ್ಟೆ ಹೊಲಿದು ಸಂಸಾರವನ್ನು ಸಾಗಿಸಿದರು. ತಾಯಿಯ ಹಿರಿಯ ಮಗಳಾದ ಎಮೆಲಿನಾ ಅದೇ ಕಣಿವೆಯ ಮೊಂತೆಗ್ರಾಂದೆ ಎಂಬ ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದಳು. ಅಲ್ಲಿ ಶಾಲೆಯೇ ಮನೆ, ಮನೆಯೇ ಶಾಲೆ. ಸುತ್ತಲೂ ಬೋಳು ಬೆಟ್ಟಗಳು, ನಡುವೆ ಒಂದು ಕಿರುಹೊಳೆ. ಲೂಸಿಲಾ ಅಕ್ಷರವನ್ನು ಕಲಿತದ್ದು ಈ ಅಕ್ಕನಿಂದ. ಹಳ್ಳಿಯ ಶಿಕ್ಷಕಿಯ ಬಾಳು ಎಂತಹುದೆಂಬುದನ್ನು ಕಣ್ಣಾರೆ ಕಂಡದ್ದೂ ಈ ಅಕ್ಕನಲ್ಲಿಯೇ.

ಮುಂದೆ ವಿಕೂನ್ಯದ ಶಾಲೆಗೆ ಸೇರಿದಾಗ ಬಾಲಕಿಗೆ ದೊಡ್ಡ ನೋವೊಂದು ಕಾದಿತ್ತು. ಶಾಲೆಯ ಕಾಗದಗಳನ್ನು ಕದ್ದಳೆಂಬ ಸುಳ್ಳು ಆರೋಪವು ಆಕೆಯ ಮೇಲೆ ಬಂದಿತು. ಸಹಪಾಠಿಗಳು ಬೀದಿಯಲ್ಲಿ ಕಲ್ಲೆಸೆದರು. ಈ ಅಪಮಾನವನ್ನು ಆಕೆ ಜೀವಮಾನವೆಲ್ಲ ಮರೆಯಲಿಲ್ಲ. ಶಿಕ್ಷಕರ ಒಂದು ಮಾತು ಮಗುವನ್ನು ಹೇಗೆ ಮುರಿಯಬಲ್ಲುದೆಂಬ ಅರಿವು ಆಕೆಗೆ ಸ್ವಂತ ಬಾಳಿನಿಂದಲೇ ದೊರೆಯಿತು. ಕ್ರಮಬದ್ಧವಾದ ಶಾಲಾಶಿಕ್ಷಣವು ಅಲ್ಲಿಗೇ ಬಹುಮಟ್ಟಿಗೆ ನಿಂತುಹೋಯಿತು.

ಹದಿನೈದರ ಹರೆಯದಲ್ಲಿ ಲೂಸಿಲಾ ಲಾ ಸೆರೆನಾ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ ಸಹಾಯಕ ಶಿಕ್ಷಕಿಯಾಗಿ ನಿಂತಳು. ಹಗಲು ಮಕ್ಕಳಿಗೆ ಪಾಠ. ರಾತ್ರಿ ದುಡಿದು ದಣಿದು ಬಂದ ಕೂಲಿಕಾರರಿಗೆ ಪಾಠ. ಆ ಶಿಷ್ಯರಲ್ಲಿ ಎಷ್ಟೋ ಜನರು ಗುರುವಿಗಿಂತ ಹಿರಿಯರು! ಕಲಿಸುವವಳಿಗೆ ಕಲಿಯುವ ಹಸಿವೂ ಅಷ್ಟೇ ತೀವ್ರವಾಗಿತ್ತು. ಹಿರಿಯ ಪತ್ರಕರ್ತರೊಬ್ಬರು ತಮ್ಮ ಪುಸ್ತಕ ಭಂಡಾರವನ್ನು ಈ ಬಡ ಹುಡುಗಿಗೆ ತೆರೆದಿಟ್ಟರು. ಆ ಒಂದು ಉಪಕಾರವು ಆಕೆಯ ಪಾಲಿಗೆ ವಿದ್ಯಾಲಯವಾಯಿತು.

ಶಿಕ್ಷಕರ ತರಬೇತಿ ಪಡೆಯಬೇಕೆಂದು ಆಕೆ ಲಾ ಸೆರೆನಾದ ನಾರ್ಮಲ್ ಶಾಲೆಗೆ ಅರ್ಜಿ ಹಾಕಿಕೊಂಡಳು. ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ ಆಕೆಯ ಬರಹಗಳಲ್ಲಿ ಧರ್ಮವಿರೋಧದ ವಾಸನೆಯಿದೆಯೆಂದು ಅಲ್ಲಿಯ ಹಿರಿಯರು ಬಗೆದು ಪ್ರವೇಶವನ್ನು ನಿರಾಕರಿಸಿದರು. ಹಳ್ಳಿಗೆ ಹೋಗಿ ಕಲಿಸಲು ಆಕೆ ಯೋಗ್ಯಳು, ಆದರೆ ಪಟ್ಟಣದಲ್ಲಿ ಕುಳಿತು ಕಲಿಯಲು ಯೋಗ್ಯಳಲ್ಲ! ಇದೆಂತಹ ನ್ಯಾಯ? ಆಕೆ ವಾದಕ್ಕೆ ನಿಲ್ಲಲಿಲ್ಲ, ಕಾಯಕವನ್ನೂ ಬಿಡಲಿಲ್ಲ. ಲಾ ಕಾಂತೆರಾ, ಲೋಸ್ ಸೆರ್ರಿಯೋಸ್ ಎಂಬ ಸಣ್ಣ ಊರುಗಳಲ್ಲಿ ಪಾಠ ಹೇಳುತ್ತ, ತಾನಾಗಿಯೇ ಓದಿಕೊಂಡು, 1910ರಲ್ಲಿ ರಾಜಧಾನಿಯಾದ ಸಾಂತಿಯಾಗೊ ನಗರದ ನಾರ್ಮಲ್ ಶಾಲೆಯಲ್ಲಿ ಪರೀಕ್ಷೆ ಕೊಟ್ಟು ಶಿಕ್ಷಕಿಯ ಪ್ರಮಾಣಪತ್ರವನ್ನು ಪಡೆದಳು.

ಆ ಮೇಲಿನ ವರ್ಷಗಳು ಊರಿಂದೂರಿಗೆ ಅಲೆದಾಟದ ವರ್ಷಗಳು. ಚಿಲಿಯು ಉತ್ತರದ ಮರುಭೂಮಿಯಿಂದ ದಕ್ಷಿಣದ ಹಿಮಪ್ರದೇಶದವರೆಗೆ ಬಳ್ಳಿಯಂತೆ ಚಾಚಿಕೊಂಡ ದೇಶ. ದಕ್ಷಿಣದ ತ್ರೈಗೆನ್, ಮರುಭೂಮಿಯಂಚಿನ ಆಂತೊಫಗಾಸ್ತಾ, ಬೆಟ್ಟದ ತಪ್ಪಲಿನ ಲೋಸ್ ಆಂದೆಸ್ ಹೀಗೆ ವರ್ಗಾವಣೆಗಳು ನಡೆದವು. ಲೋಸ್ ಆಂದೆಸ್‌ನಲ್ಲಿ 1912ರಿಂದ ಆರು ವರ್ಷಗಳ ನೆಲೆ ದೊರೆಯಿತು. ಅಲ್ಲಿರುವಾಗಲೇ, 1914ರಲ್ಲಿ, ಸಾಂತಿಯಾಗೊದ ಕಾವ್ಯಸ್ಪರ್ಧೆಯಲ್ಲಿ ಪ್ರಥಮ ಬಹುಮಾನವು ಬಂದು, ಗೇಬ್ರಿಯೇಲಾ ಮಿಸ್ಟ್ರಾಲ್ ಎಂಬ ಕಾವ್ಯನಾಮವು ದೇಶದಲ್ಲೆಲ್ಲ ಹಬ್ಬಿತು. ನಮ್ಮ ರವೀಂದ್ರನಾಥ ಠಾಕೂರರ ಕೃತಿಗಳು ಮಿಸ್ಟ್ರಾಲ್ ಅವರಿಗೆ ಬಹು ಪ್ರಿಯವಾಗಿದ್ದವು. ಠಾಕೂರರ ಕವಿತೆಗಳಿಗೆ ಅವರು ಬರೆದ ವ್ಯಾಖ್ಯಾನಗಳು ಅವರ ಮೊದಲ ಸಂಗ್ರಹದಲ್ಲಿಯೇ ಸೇರಿವೆ.

1918ರಲ್ಲಿ ಅವರ ಬಾಳಿನ ಕಠಿನ ಪರೀಕ್ಷೆಯು ಬಂದಿತು. ಆಗಿನ ಶಿಕ್ಷಣಮಂತ್ರಿ ಪೆದ್ರೊ ಅಗೀರ್ರೆ ಸೆರ್ದಾ ಅವರು ಮಿಸ್ಟ್ರಾಲ್ ಅವರನ್ನು ಪುಂತಾ ಅರೇನಾಸ್ ಪಟ್ಟಣದ ಬಾಲಿಕಾ ವಿದ್ಯಾಲಯಕ್ಕೆ ಮುಖ್ಯಾಧ್ಯಾಪಿಕೆಯನ್ನಾಗಿ ನೇಮಿಸಿದರು. ರಾಜಧಾನಿಯಿಂದ 2000 ಕಿಲೋಮೀಟರಿಗೂ ದೂರ, ಮೆಗೆಲನ್ ಜಲಸಂಧಿಯ ದಂಡೆಯಲ್ಲಿರುವ ಊರದು. ಅಂದು ಅಲ್ಲಿಗೆ ಸೇರಬೇಕಾದರೆ ಹಡಗನ್ನೇ ಏರಬೇಕು. ನಡುಚಳಿಗಾಲದಲ್ಲಿ ಹಗಲು ಎಂಟು ಗಂಟೆಗಳಿಗೂ ಕಡಿಮೆ. ಎಡೆಬಿಡದೆ ಬೀಸುವ ಗಾಳಿ. ಮರವನ್ನು ನೆಟ್ಟಗೆ ಬೆಳೆಯಗೊಡದ ಚಳಿ. ಮಿಸ್ಟ್ರಾಲ್ ಅವರು ಅಲ್ಲಿ ಎರಡು ವರ್ಷ ನಿಂತರು. ಕೆಟ್ಟು ನಿಂತಿದ್ದ ವಿದ್ಯಾಲಯವನ್ನು ಕ್ರಮಕ್ಕೆ ತಂದರು. ದುಡಿಯುವ ಹೆಂಗಸರಿಗಾಗಿ ರಾತ್ರಿಶಾಲೆಯನ್ನು ನಡೆಸಿದರು. ಆ ನೆಲದ ಮೂಲನಿವಾಸಿಗಳು ಅಳಿದುಹೋಗುತ್ತಿದ್ದುದನ್ನು ಕಂಡು ಮರುಗಿದರು. ಏಕಾಂತದ ಅಳಲನ್ನು ಕವಿತೆಯಲ್ಲಿ ತೋಡಿಕೊಂಡರೇ ಹೊರತು ಅದರ ಭಾರವನ್ನು ಮಕ್ಕಳ ಮೇಲೆ ಹೊರಿಸಲಿಲ್ಲ.

1920ರಲ್ಲಿ ಅವರು ತೆಮೂಕೊ ಎಂಬ ಊರಿಗೆ ವರ್ಗವಾದರು. ಅದು ಸದಾ ಮಳೆ ಸುರಿಯುವ ನಾಡು. ಅಲ್ಲಿ ಹದಿನಾರರ ಹರೆಯದ ಬಾಲಕನೊಬ್ಬನು ಕವಿತೆಗಳನ್ನು ಹಿಡಿದು ಅವರ ಬಳಿಗೆ ಬಂದನು. ಮಿಸ್ಟ್ರಾಲ್ ಅವರು ಆತನಿಗೆ ರಷ್ಯದ ಮಹಾಕಾದಂಬರಿಗಳನ್ನು ಓದಲು ಕೊಟ್ಟರು. ಆ ಬಾಲಕನೇ ಮುಂದೆ 1971ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಪಾಬ್ಲೊ ನೆರೂದಾ. ತಾನು ಬಾಲ್ಯದಲ್ಲಿ ಪಡೆದ ಪುಸ್ತಕದ ಋಣವನ್ನು ಶಿಕ್ಷಕಿಯು ಹೀಗೆ ತೀರಿಸಿದರು.

ಮರುವರ್ಷ ಸಾಂತಿಯಾಗೊದ ಹೊಸ ವಿದ್ಯಾಲಯಕ್ಕೆ ಮುಖ್ಯಾಧ್ಯಾಪಿಕೆಯಾದಾಗ, ವಿಶ್ವವಿದ್ಯಾಲಯದ ಪದವಿಯಿಲ್ಲದವರಿಗೆ ಇಂತಹ ಹುದ್ದೆಯೇ ಎಂದು ಕೆಲವರು ಗದ್ದಲವೆಬ್ಬಿಸಿದರು. ಹದಿನೈದು ವರ್ಷಗಳಿಗೂ ಮೀರಿ ಮರಳು, ಮಳೆ, ಹಿಮಗಳ ನಡುವೆ ಮಾಡಿದ ಸೇವೆಯು ಅವರ ತಕ್ಕಡಿಯಲ್ಲಿ ತೂಗಲಿಲ್ಲ. 1923ರಲ್ಲಿ ಚಿಲಿ ವಿಶ್ವವಿದ್ಯಾಲಯವೇ ಅವರಿಗೆ ಸ್ಪ್ಯಾನಿಷ್ ಭಾಷಾಧ್ಯಾಪಕಿ ಎಂಬ ಪದವಿಯನ್ನಿತ್ತು ಈ ಕೊರತೆಯನ್ನು ತುಂಬಿಕೊಟ್ಟಿತು. ಆ ವೇಳೆಗೆ ಅವರು ಸ್ವದೇಶವನ್ನು ಬಿಟ್ಟು ಮೆಕ್ಸಿಕೊದಲ್ಲಿದ್ದರು.

ದೀರ್ಘ ಕ್ರಾಂತಿಯಿಂದ ಬಳಲಿದ್ದ ಮೆಕ್ಸಿಕೊ ದೇಶವು 1921ರಲ್ಲಿ ಹೊಸದಾಗಿ ಶಿಕ್ಷಣ ಇಲಾಖೆಯನ್ನು ಸ್ಥಾಪಿಸಿತ್ತು. ಅದರ ಮುಖ್ಯಸ್ಥರಾದ ಹೊಸೆ ವಾಸ್ಕೊನ್ಸೆಲೊಸ್ ಅವರ ಆಹ್ವಾನದ ಮೇರೆಗೆ ಮಿಸ್ಟ್ರಾಲ್ ಅವರು 1922ರಲ್ಲಿ ಅಲ್ಲಿಗೆ ಹೋದರು. ಹಳ್ಳಿಹಳ್ಳಿಗೆ ಸಂಚರಿಸಿ, ಶಾಲೆಗಳನ್ನೂ ಪುಸ್ತಕಾಲಯಗಳನ್ನೂ ಬೆಳೆಸುವ ಕಾರ್ಯದಲ್ಲಿ ಎರಡು ವರ್ಷ ತೊಡಗಿದರು. ಅದೇ ಕಾಲದಲ್ಲಿ, 1923ರಲ್ಲಿ, ಆ ದೇಶದಲ್ಲಿ ಸಾಂಸ್ಕೃತಿಕ ತಂಡಗಳೆಂಬ ಉತ್ತಮ ಪದ್ಧತಿಯು ಆರಂಭವಾಯಿತು. ಹಳ್ಳಿಯ ಶಿಕ್ಷಕರು ತರಬೇತಿಗಾಗಿ ಪಟ್ಟಣಕ್ಕೆ ಬರಬೇಕಾಗಿರಲಿಲ್ಲ. ತರಬೇತಿಯೇ ಅವರಿದ್ದಲ್ಲಿಗೆ ಹೋಯಿತು. ಬೋಧನೆ, ಬೇಸಾಯ, ಸಾಬೂನು ತಯಾರಿಕೆ, ಚರ್ಮ ಹದ ಮಾಡುವಿಕೆ, ಸಂಗೀತ, ಆರೋಗ್ಯ ಇವನ್ನು ಬಲ್ಲವರು ಒಂದು ಗುಂಪಾಗಿ ಬಂದು, ಕೆಲವು ವಾರ ಜೊತೆಯಲ್ಲಿದ್ದು ಕಲಿಸಿ ಮುಂದಿನ ಊರಿಗೆ ಸಾಗುತ್ತಿದ್ದರು. ಒಂಟಿಯಾಗಿದ್ದ ಶಿಕ್ಷಕನಿಗೆ ತನ್ನ ಬೆನ್ನ ಹಿಂದೆ ನಾಡೊಂದು ನಿಂತಿದೆಯೆಂಬ ಧೈರ್ಯವು ಇದರಿಂದ ಬಂದಿತು. ಲೂಸಿಲಾಗೆ ತನ್ನ ಹದಿನೈದರಲ್ಲಿ ದೊರೆಯದೆ ಹೋದುದು ಇದೇ ಅಲ್ಲವೆ?

ಮಿಸ್ಟ್ರಾಲ್ ಅವರ ಮೊದಲ ಕವನಸಂಗ್ರಹವು ಬೆಳಕಿಗೆ ಬಂದ ಬಗೆಯೂ ಗಮನಾರ್ಹವಾದುದು. ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಸ್ಪ್ಯಾನಿಷ್ ಭಾಷೆಯನ್ನು ಕಲಿಸುತ್ತಿದ್ದ ಅಧ್ಯಾಪಕರು ಅವರ ಕವಿತೆಗಳಿಗೆ ಮನಸೋತು, 1922ರಲ್ಲಿ ನ್ಯೂಯಾರ್ಕ್ ನಗರದಿಂದ ಅದು ಪ್ರಕಟವಾಗುವಂತೆ ಮಾಡಿದರು. ಹಳ್ಳಿಯ ಶಿಕ್ಷಕಿಯನ್ನು ಕುರಿತ ಕವಿತೆಯೊಂದು ಆ ಸಂಗ್ರಹದಲ್ಲಿದೆ. ತಮ್ಮನ್ನು ದೂರದ ಊರಿಗೆ ಕಳುಹಿಸಿದರೂ ಮರೆಯದೆ ಬೆಂಬಲಿಸಿದ ಅಗೀರ್ರೆ ಸೆರ್ದಾ ದಂಪತಿಗಳಿಗೆ ಮಿಸ್ಟ್ರಾಲ್ ಅವರು ಈ ಕೃತಿಯನ್ನು ಅರ್ಪಿಸಿದರು. ಸ್ವತಃ ಶಿಕ್ಷಕರಾಗಿದ್ದ ಆ ಮಹನೀಯರು 1938ರಲ್ಲಿ ಚಿಲಿಯ ಅಧ್ಯಕ್ಷರಾದರು.

ಮುಂದಿನ ಬಾಳು ಬಹುಮಟ್ಟಿಗೆ ಪರದೇಶಗಳಲ್ಲಿ, ತಮ್ಮ ದೇಶದ ರಾಯಭಾರ ಕಚೇರಿಗಳ ಸೇವೆಯಲ್ಲಿ ಕಳೆಯಿತು. ಸ್ಪೇನಿನ ಅಂತರ್ಯುದ್ಧದಲ್ಲಿ ಅನಾಥರಾದ ಮಕ್ಕಳಿಗಾಗಿ 1938ರ ತಮ್ಮ ಕವನಸಂಗ್ರಹದ ಆದಾಯವನ್ನು ಬಿಟ್ಟುಕೊಟ್ಟರು. 1945ರಲ್ಲಿ ಲ್ಯಾಟಿನ್ ಅಮೇರಿಕಕ್ಕೆ ಮೊಟ್ಟಮೊದಲ ನೊಬೆಲ್ ಸಾಹಿತ್ಯ ಪಾರಿತೋಷಕವನ್ನು ತಂದರು. ಸ್ವದೇಶದ ರಾಷ್ಟ್ರೀಯ ಸಾಹಿತ್ಯ ಬಹುಮಾನವು ಅವರಿಗೆ ಬಂದುದು ಅದಾದ ಆರು ವರ್ಷಗಳ ಮೇಲೆ! 1957ರ ಜನವರಿ 10ರಂದು ನ್ಯೂಯಾರ್ಕ್ ಬಳಿ ಅವರು ಕಾಲವಶರಾದರು. ದಕ್ಷಿಣ ಅಮೇರಿಕದಲ್ಲಿ ಮಾರಾಟವಾಗುವ ತಮ್ಮ ಪುಸ್ತಕಗಳ ಗೌರವಧನವು ಮೊಂತೆಗ್ರಾಂದೆಯ ಮಕ್ಕಳಿಗೆ ಸಲ್ಲಬೇಕೆಂದು ಉಯಿಲಿನಲ್ಲಿ ಬರೆದಿದ್ದರು. 1960ರಲ್ಲಿ ಅವರ ದೇಹವನ್ನು ಅದೇ ಹಳ್ಳಿಗೆ ತಂದು ಸಮಾಧಿ ಮಾಡಲಾಯಿತು.

ಈ ಜೀವನವನ್ನು ಕೇವಲ ಸಹನೆಯ ಕಥೆಯೆಂದು ಓದಿ ಮೆಚ್ಚಿ ಸುಮ್ಮನಾಗುವುದು ಸುಲಭ. ಶಿಕ್ಷಕರು ತ್ಯಾಗಿಗಳಾಗಿರಬೇಕೆಂದು ಹೇಳುವುದು ಇನ್ನೂ ಸುಲಭ. ಆದರೆ ಪ್ರತಿಭೆಯೂ ಸಹನೆಯೂ ಎಷ್ಟೇ ಇದ್ದರೂ, ಪುಸ್ತಕ ಕೊಟ್ಟ ಪತ್ರಕರ್ತರು, ಅಕ್ಷರ ಕಲಿಸಿದ ಅಕ್ಕ, ಕೈಬಿಡದ ಮಂತ್ರಿಗಳು, ದೂರದ ಅಧ್ಯಾಪಕ ಬಂಧುಗಳು ಇವರಿಲ್ಲದಿದ್ದರೆ ಲೂಸಿಲಾ ಎಂಬ ಹುಡುಗಿಯು ಯಾವುದೋ ಕಣಿವೆಯ ಶಾಲೆಯಲ್ಲಿ ಯಾರಿಗೂ ತಿಳಿಯದೆ ಬಾಡಿಹೋಗಬಹುದಿತ್ತು. ಹಾಗೆ ಬಾಡಿಹೋದವರು ಎಷ್ಟು ಮಂದಿಯೋ!

ಸದ್ಗೃಹಸ್ಥರು ಇದನ್ನು ಮನಗಾಣಬೇಕು. ನಮ್ಮ ಮಕ್ಕಳಿಗೆ ಜ್ಞಾನದಾಸೋಹವನ್ನು ನಡೆಸಲು ದೂರದಿಂದ ಬಂದವರಿಗೆ ನಾವು ಪ್ರತಿಯಾಗಿ ಏನನ್ನು ಕೊಡುತ್ತಿದ್ದೇವೆ? ವಾಸಕ್ಕೊಂದು ಭದ್ರವಾದ ಮನೆ, ಹಬ್ಬದ ದಿನ ಊಟಕ್ಕೊಂದು ಕರೆ, ಓದಲು ನಾಲ್ಕು ಪುಸ್ತಕ, ಕಾಯಿಲೆಯಲ್ಲಿ ಒಂದು ಗಾಡಿ, ಸಂಜೆ ಕಟ್ಟೆಯ ಮೇಲೆ ಎರಡು ಮಾತು ಇವು ದೊಡ್ಡ ದಾನಗಳಲ್ಲ. ಇಷ್ಟನ್ನು ಊರವರು ಮಾಡಿದರೆ ಶಿಕ್ಷಕನು ಊರಿನವನಾಗುತ್ತಾನೆ, ಶಾಲೆಯು ನಿಲ್ಲುತ್ತದೆ.